ಅಮ್ಮನ ಪಾಲಿನ ಕಾವ್ಯನಾಮ

ಕಾರ್ಬನ್ ಹಾಳೆಯ ವಾಸನೆ ಬಂದರೆ ಇಂದಿಗೂ ನನ್ನ ತಲೆ ತಗ್ಗುತ್ತದೆ.

ಪಾಲಿಬೆಟ್ಟದ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಅಮ್ಮ ಕಾಫಿ ಕೊಯ್ಯಲು ಹೋಗುತ್ತಿದ್ದಳು. ಅಮ್ಮ ಕಟ್ಟಿ ಹೇಳಿದ ಕಥೆಗಳನ್ನು ಅಪ್ಪ ಕಾರ್ಬನ್ ಇಟ್ಟು ಬರೆಯುತ್ತಿದ್ದರು. ಇಬ್ಬರ ಹೆಸರೂ ಸೇರಿದ ಒಂದೇ ಕಾವ್ಯನಾಮದಲ್ಲಿ ಅವು ಪತ್ರಿಕೆಗಳಲ್ಲಿ ಬರುತ್ತಿದ್ದವು.

ಒಂದು ಮಧ್ಯಾಹ್ನ ಮನೆಗೆ ಬಂದ ನಮ್ಮ ಕನ್ನಡ ಮೇಷ್ಟ್ರು, "ಈ ಕಥೆಗಳನ್ನ ಬರೆಯೋದು ಯಾರಮ್ಮ?" ಎಂದು ನನ್ನನ್ನು ಕೇಳಿದರು. ಕಾಫಿ ತಂದ ಅಮ್ಮನ ಬೆರಳುಗಳು ಹಣ್ಣಿನ ಅಂಟಿಗೆ ಕಪ್ಪಾಗಿದ್ದವು.

"ಅಪ್ಪ ಒಬ್ರೇ ಸಾರ್. ಅಮ್ಮಂಗೆ ಓದೋಕೆ ಬರಲ್ಲ," ಎಂದೆ.

ಅಪ್ಪ ಏನೋ ಹೇಳಹೊರಟರು. ಅಷ್ಟರಲ್ಲಿ ಅಮ್ಮ, "ಹೌದು ಸಾರ್, ಇವರೇ ಬರೆಯೋದು," ಎಂದು ಲೋಟ ಇಟ್ಟಳು.

ಮೇಷ್ಟ್ರು ಹೋದ ಮೇಲೆ ಅಪ್ಪ ಅರ್ಧಕ್ಕೆ ನಿಂತಿದ್ದ ಕಥೆಯ ಹಾಳೆ ತೆಗೆದು ಅಮ್ಮನಿಗೆ, "ಮುಂದೇನಾಯ್ತು, ಹೇಳು," ಎಂದರು.

"ಮಗಳನ್ನೇ ಕೇಳಿ," ಎಂದಳು ಅಮ್ಮ.

ಅಪ್ಪ ಪೆನ್ನು ಹಿಡಿದು ನನ್ನ ಮುಖ ನೋಡುತ್ತಾ ಕೂತರು. ನನಗೆ ಒಂದು ಸಾಲೂ ಬರಲಿಲ್ಲ.