ದಿನಕ್ಕೆ ನಾಲ್ಕು ತಾಸು

"ಇಂಟರ್‌ನೆಟ್‌ಗೆ ದಿನಾ ಎಷ್ಟು ಸಮಯ ಕೊಡ್ತೀರಿ?" ಸಮೀಕ್ಷೆಗೆ ಬಂದವನು ಕೇಳಿದ.

"ನಾಕು ತಾಸು," ಅಂದಳು ಉದ್ಯೋಗ ಖಾತ್ರಿ ಕೂಲಿಗಳ ಹಾಜರಿ ನೋಡುವ ನೀಲವ್ವ.

"ಅಷ್ಟೊತ್ತು ಏನು ನೋಡ್ತೀರಿ?"

"ಕಲ್ಲು, ಮುಳ್ಳು. ಹಾಜರಿ ಫೋಟೊ ದಿನಕ್ಕ ಎರಡು ಸಲ ಕಳಿಸಬೇಕು. ಸಿಗ್ನಲ್ ಸಿಗೂದು ಆ ಗುಡ್ಡದ ತುದಿಗೆ. ಹತ್ತಿ ಇಳಿಯಾಕ ಪ್ರತಿ ಸಲ ಎರಡು ತಾಸು. ರೇಷನ್ನಿಗೆ, ಪಿಂಚಣಿಗೆ ಅಂತ ಊರಾಗ ಎಲ್ಲಾರದೂ ಇದೇ ಗತಿ. ಬರಕೊ ತಮ್ಮಾ."

"ಗುಡ್ಡ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಕ್ಕಾ. ನಾಲ್ಕು ಅಂತಷ್ಟೇ ಹಾಕ್ತೀನಿ."

"ಟವರ್ ಬೇಕಂತರ ಬರಿ. ಅರ್ಜಿ ಕೊಟ್ಟು ಮೂರು ವರ್ಷಾತು, ಒಬ್ಬನರ ತಿರುಗಿ ನೋಡ್ಯಾನೇನು?"

ಮುಂದಿನ ತಿಂಗಳು ಅರ್ಜಿಗೆ ಉತ್ತರ ಬಂತು: "ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಬಳಕೆಯಲ್ಲಿ ನಿಮ್ಮ ಊರು ಜಿಲ್ಲೆಗೇ ಮೊದಲು. ಟವರಿನ ಅಗತ್ಯ ಕಂಡುಬಂದಿಲ್ಲ."