ಹಿಂದಿನ ಸೀಟಿನ ಪೆಟ್ಟಿಗೆ

“ಇನ್ನೂ ಮುಂದಕ್ಕೆ ಎಳೀರಿ,” ಎಂದ ಚೆಕ್ಕರ್.

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಆಗಲೇ ಕ್ಯಾರಿಯರ್ ದಾಟಿ ಬೈಕಿನ ಅರ್ಧ ಸೀಟನ್ನು ಒತ್ತುವರಿ ಮಾಡಿಕೊಂಡಿತ್ತು.

“ಸಾರ್, ಇದನ್ನ ಕ್ಯಾರಿಯರ್ ಮೇಲೆ ಕೂರಿಸೋದು. ಹಿಂದೆ ಕೂತವರಿಗೆ ಒರಗೋಕೂ ಆಗತ್ತೆ.”

“ಒರಗೋಕಾ? ಹಾಗೇ ಒಂದು ದಿಂಬೂ ಕೊಡೋಣ್ವಾ? ಎಳೀರಿ ಮುಂದಕ್ಕೆ.”

“ಆಮೇಲೆ ಹಿಂದೆ ನರಪಿಳ್ಳೆಯೂ ಕೂರೋಕಾಗಲ್ಲ.”

“ನರಪಿಳ್ಳೆ ಕೂತ್ರೆ ನಂದೇನೂ ತಕರಾರಿಲ್ಲ. ಕೂರೋದು ರೇಡಿಯೋ.”

“ಮತ್ತೆ ಮನೆಯವರು?”

“ಅವಳು ಈ ಬೈಕ್ ಹತ್ತಿ ಎರಡು ವರ್ಷ ಆಯ್ತು. ಬಸ್ಸೇ ಆರಾಮಂತೆ.”

ಮೆಕ್ಯಾನಿಕ್ ಉದ್ದದ ಬೋಲ್ಟು ಹುಡುಕತೊಡಗಿದ.

ಅದು ಅಂಗಡಿಯಲ್ಲಿದ್ದ ಅತ್ಯಂತ ಅಗ್ಗದ ಪೆಟ್ಟಿಗೆ. ಬೋಲ್ಟು ನಾಲ್ಕು, ನಟ್ಟು ಮೂರು. ‘ಎಲ್ಲ ಬೈಕಿಗೂ ಹೊಂದುತ್ತದೆ’ ಎಂದು ರಟ್ಟಿನ ಮೇಲೆ ಬರೆದಿತ್ತು. ಅಂದರೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಕೀಲಿ ಅಲ್ಲಾಡಿಸಿದರೆ ಬೀಗ ತೆರೆಯುತ್ತಿತ್ತು, ಅಲ್ಲಾಡಿಸದಿದ್ದರೂ ತೆರೆಯುತ್ತಿತ್ತು. ಚೆಕ್ಕರನಿಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ. ಬುತ್ತಿಡಬ್ಬಿ ಬಿಟ್ಟರೆ ಒಳಗಿಡಲು ಅವನ ಬಳಿ ಏನೂ ಇರಲಿಲ್ಲ. ಪೆಟ್ಟಿಗೆ ಬೇಕಾದದ್ದು ಏನನ್ನೋ ಇಡುವುದಕ್ಕಲ್ಲ, ಒಬ್ಬನನ್ನು ಇಳಿಸುವುದಕ್ಕೆ.

ಬಾಟಲಿ ಕಾರ್ಖಾನೆಯಲ್ಲಿ ಅವನದು ಕಾಯಂ ರಾತ್ರಿ ಪಾಳಿ. ಬಿಳಿ ಬೆಳಕಿನ ಪರದೆಯ ಮುಂದೆ ಮೆರವಣಿಗೆ ಹೊರಡುವ ಬಾಟಲಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕುವುದು ಕೆಲಸ; ಚೆಕ್ಕರ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಬೆಳಗಿನ ಆರಕ್ಕೆ ಹೊರಬಂದರೆ ಬೇಕೆನಿಸುತ್ತಿದ್ದುದು ಒಂದೇ: ಮೌನ. ಸಿಗುತ್ತಿದ್ದುದು ರೇಡಿಯೋ.

ರೇಡಿಯೋ ಎಂಬುದು ಕುಲುಮೆ ವಿಭಾಗದವನೊಬ್ಬನ ಅಡ್ಡಹೆಸರು. ಅವನಿಗೆ ಆಫ್ ಮಾಡುವ ಗುಂಡಿ ಇರಲಿಲ್ಲ. ಚೆಕ್ಕರನ ಹಿಂದೆ ಬೈಕ್ ಹತ್ತಿ ಕೂರುವ ಮೊದಲೇ ಪ್ರಸಾರ ಶುರು. ಮ್ಯಾನೇಜರ್ ಗಂಟಲು ಸರಿಪಡಿಸಿಕೊಳ್ಳುವುದು, ಕಂಪ್ರೆಸರ್ ಕೆಮ್ಮುವುದು, ಕೊನೆಗೆ ಚೆಕ್ಕರನ ಆಕಳಿಕೆ, ಎಲ್ಲದರ ಯಥಾವತ್ತು ಮಿಮಿಕ್ರಿ. ಹೊರವರ್ತುಲ ರಸ್ತೆಯ ನೇರ ದಾರಿ ಬಂತೆಂದರೆ ಒಗಟು.

“ಗುರುವೇ, ಊರೆಲ್ಲ ಸುತ್ತತ್ತೆ, ಮನೆಯೊಳಗೆ ಕಾಲಿಡಲ್ಲ. ಏನು?”

“ಗೊತ್ತಿಲ್ಲ.”

“ಯೋಚ್ನೆ ಮಾಡಿ ಹೇಳಿ. ಹೇಳೋ ತನಕ ಬಿಡಲ್ಲ.”

ಉತ್ತರ ತಡವಾದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. “ಚಪ್ಪಲಿ!” ಎಂದು ಚೆಕ್ಕರ್ ಅರಚಿದಾಗ ಅದು ಉತ್ತರವೋ ಬೈಗುಳವೋ ಅವನಿಗೇ ಗೊತ್ತಿರುತ್ತಿರಲಿಲ್ಲ.

ಈ ಗ್ರಹಚಾರ ವಕ್ಕರಿಸಿ ಎರಡು ವರ್ಷ. ಆಗ ಪಾಳಿ ಮುಗಿಸಿ ಬರುವಾಗ ಬೈಕಿಗೆ ನಾಯಿಯೊಂದು ಅಡ್ಡ ಬಂದು ಚೆಕ್ಕರನ ಭುಜದ ಮೂಳೆ ಮುರಿದಿತ್ತು. ಆ ನಾಯಿಯನ್ನು ಅವನ ಹೊರತು ಬೇರಾರೂ ಕಂಡಿರಲಿಲ್ಲ. ವಾಸಿಯಾಗಿ ಕೆಲಸಕ್ಕೆ ಮರಳಿದ ಮೊದಲ ಬೆಳಗ್ಗೆಯೇ ರೇಡಿಯೋ ಹಲ್ಲುಗಿಂಜುತ್ತ ನಿಂತಿದ್ದ. “ನಾನೂ ನಿಮ್ಮ ಕಡೆಗೇ ಹೋಗ್ಬೇಕು ಗುರುವೇ.” ಅಂದಿನಿಂದ ದಿನವೂ ಚೆಕ್ಕರನ ಬೀದಿಯ ತಿರುವಿನಲ್ಲಿ ಇಳಿದು “ಇಲ್ಲಿಂದ ನಂದು ಎರಡೇ ಹೆಜ್ಜೆ” ಎನ್ನುತ್ತಿದ್ದ. ಯಾವ ದಿಕ್ಕಿಗೆ ಎಂದು ಚೆಕ್ಕರ್ ಕೇಳಿರಲಿಲ್ಲ. ಕೇಳಿದರೆ ಅದನ್ನೂ ಒಗಟು ಮಾಡಿಯಾನು ಎಂಬ ಭಯ. ಬರಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ನಾಲಿಗೆಯ ಕೆಲಸಕ್ಕೆ ಕೊನೆಗೆ ಪೆಟ್ಟಿಗೆಯನ್ನು ನೇಮಿಸಿದ.

ಮರುದಿನ ಬೆಳಗ್ಗೆ ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ರೇಡಿಯೋ ಪೆಟ್ಟಿಗೆಯನ್ನು ನೋಡಿದ. ಚೆಕ್ಕರನನ್ನು ನೋಡಿದ. ಎರಡು ವರ್ಷದಲ್ಲಿ ಮೊದಲ ಬಾರಿ ಪ್ರಸಾರ ನಿಂತಿತು.

“ಬಿಚ್ಚೋಕೆ ಎಷ್ಟು ಹೊತ್ತು ಬೇಕು?”

“ಬಿಚ್ಚೋಕಾಗಲ್ಲ. ಪರ್ಮನೆಂಟು.”

“ಹಾಗಾದ್ರೆ ಬೈಕ್ ಇಲ್ಲೇ ಇರಲಿ. ಇಬ್ಬರೂ ಬಸ್ಸಲ್ಲಿ ಹೋಗೋಣ ಗುರುವೇ. ಟಿಕೆಟ್ ನಂದು.”

ಎಂಥ ಅಂಟು ಜಿಗಣೆ! ಚೆಕ್ಕರ್ ಹೆಲ್ಮೆಟ್ಟಿನೊಳಗೇ ನಕ್ಕು ಕಿಕ್ ಹೊಡೆದ.

“ದಾರಿ ಮಧ್ಯೆ ನಿಲ್ಲಿಸಿ ಒಂದು ಟೀ ಆದ್ರೂ ಕುಡೀರಿ!” ರೇಡಿಯೋ ಹಿಂದೆಯೇ ನಾಲ್ಕು ಹೆಜ್ಜೆ ಓಡಿಬಂದು ಕೂಗಿದ. ನಂತರ ಜೇಬಿನಿಂದ ಫೋನ್ ತೆಗೆದ.

ಸ್ವರ್ಗ ಎಂದರೆ ಅದೇ. ಗಾಳಿಗೆ ಮಿಮಿಕ್ರಿ ಬರುವುದಿಲ್ಲ, ಎಂಜಿನ್ನು ಒಗಟು ಕೇಳುವುದಿಲ್ಲ. ಬಿಸಿಲು ಎಳೆಯದಾಗಿತ್ತು. ಹೊರವರ್ತುಲ ರಸ್ತೆ ನೇರವಾಗಿತ್ತು. ದಾರಿ ಎಷ್ಟು ಸಲೀಸಾಗಿ ಸಾಗಿತೆಂದರೆ, ಸೇತುವೆ ದಾಟಿದ್ದೇ ಅವನಿಗೆ ನೆನಪಿರಲಿಲ್ಲ. ಹಿಂದಿನಿಂದ ಲಾರಿಯೊಂದು ಉದ್ದಕ್ಕೆ ಹಾರನ್ ಬಾರಿಸಿದಾಗ ನೋಡಿದರೆ, ಮನೆಯ ತಿರುವು ಎದುರಿಗೇ ಇತ್ತು.

ಹೆಂಡತಿ ಗೇಟಿನಲ್ಲಿ ಫೋನ್ ಹಿಡಿದು ನಿಂತಿದ್ದಳು. ಎಂದೂ ಹಾಗೆ ನಿಂತವಳಲ್ಲ. ಅವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ಕೈಕಾಲು ನೋಡಿದಳು, ಕೊನೆಗೆ ಪೆಟ್ಟಿಗೆ ನೋಡಿದಳು. ಅದರ ಎಡಬದಿಯಲ್ಲಿ ಉದ್ದಕ್ಕೆ ಒಂದು ಗೀರು, ಗೀರಿನ ತುಂಬ ರಸ್ತೆ ವಿಭಜಕದ ಹಳದಿ ಬಣ್ಣ.

“ಇದೇನ್ರೀ?”

ರಾತ್ರಿಯಿಡೀ ಕೂದಲೆಳೆ ಹುಡುಕಿದ ಕಣ್ಣು ಆ ಗೀರನ್ನು ಆಗಷ್ಟೇ ಕಂಡಿತು.

“ಅಗ್ಗದ ಮಾಲು ನೋಡು. ಅಂಗಡಿಯವನೇ ಗೀರಿದ್ದನ್ನ ದಾಟಿಸಿದಾನೆ.”

ಅವಳು ಆ ಹಳದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಫೋನನ್ನು ಅವನ ಮುಂದೆ ಹಿಡಿದಳು.

“ಯಾಕೆ, ಆ ರೇಡಿಯೋ ಫೋನಲ್ಲಿ ಅತ್ತನಾ?” ಚೆಕ್ಕರ್ ಗೆದ್ದವನಂತೆ ಹೆಲ್ಮೆಟ್ ತೆಗೆದ. “ಎರಡು ವರ್ಷ ನನ್ನ ಬೆನ್ನಿಗೆ ಅಂಟ್ಕೊಂಡು ಬಿಟ್ಟಿಯಾಗಿ ಮನೆ ಸೇರಿದ್ದು ಸಾಕು. ಇನ್ನು ಬಸ್ಸಲ್ಲಿ ಬರಲಿ, ಗೊತ್ತಾಗತ್ತೆ ಕಷ್ಟ.”

“ಅವರ ಮನೆ ನಿಮ್ಮ ಕಾರ್ಖಾನೆ ಗೇಟಿನ ಎದುರಿಗೇ ಇದೆ ಕಣ್ರೀ,” ಎಂದಳು ಅವಳು. “ನೀವು ಬೈಕ್ ಓಡಿಸ್ತಾ ನಿದ್ದೆ ಹೋಗದ ಹಾಗೆ ನೋಡ್ಕೊಳ್ಳಿ ಅಂತ ನಾನು ಕೈಮುಗಿದು ಕೇಳ್ಕೊಂಡ ದಿನದಿಂದ, ನಿಮ್ಮನ್ನ ಇಲ್ಲಿಗೆ ಬಿಟ್ಟು ಅವರು ಬಸ್ಸಲ್ಲೇ ವಾಪಸ್ ಹೋಗ್ತಿದಾರೆ.”