ನಾಲ್ಕನೇ ಅಧ್ಯಾಯ ಮತ್ತು ಎರಡು ಕೆಮ್ಮು

ಇದು ನಿಜವಾಗಿ ನಡೆದ ಕಥೆ... ನಂಬಿಕೆ ಬರದಿದ್ದರೆ ಕೊನೆಯವರೆಗೆ ಓದಿ, ಆಮೇಲೆ ಆರಾಮಾಗಿ ಅನುಮಾನಿಸಿ.

ಧಾರವಾಡದ ಒಂದು ಲೇಡೀಸ್ ಹಾಸ್ಟೆಲ್. ಅಲ್ಲಿ ಶಿವಲೀಲಾ ಎಂಬ ಎಲ್‌ಎಲ್‌ಎಂ ವಿದ್ಯಾರ್ಥಿನಿ.

ಕೊನೆಯ ಸೆಮಿಸ್ಟರ್. ಕ್ಲಾಸಿಲ್ಲ, ಪಾಠವಿಲ್ಲ... ತಾನೇ ಹುಡುಕಿ, ತಾನೇ ಓದಿ, ಒಬ್ಬ ಗೈಡ್ ಕೈಕೆಳಗೆ ಪ್ರಬಂಧ ಬರೆಯಬೇಕು.

ವಿಷಯ, ಬೀದಿ ವ್ಯಾಪಾರಿಗಳ ಹಕ್ಕು. ಗೈಡ್, ಮುಳಗುಂದ ಸರ್.

ಗೈಡ್ ಎಂದರೆ ದಾರಿ ತೋರಿಸುವವರು. ಲೀಲಾ ಮಾತ್ರ ಅವರನ್ನು ಕಂಡರೆ ದಾರಿಯನ್ನೇ ಬದಲಿಸುತ್ತಿದ್ದಳು!

ಕಾರಣ... ನಾಲ್ಕನೇ ಅಧ್ಯಾಯ.

ಆ ಕೋರ್ಟ್ ಹೀಗಂದಿತು, ಈ ಕೋರ್ಟ್ ಹಾಗಂದಿತು ಎಂದು ಪುಟಗಟ್ಟಲೆ ತೀರ್ಪುಗಳನ್ನು ಜೋಡಿಸಿದ್ದಳು. ಕೆಲವು ಪುಟಗಳಲ್ಲಿ ಬರಹಕ್ಕಿಂತ ಅಡಿಟಿಪ್ಪಣಿಯೇ ಉದ್ದ.

ಸರ್ ಓದಿ, ಎರಡು ಸಲ ಕೆಮ್ಮಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಕೋರ್ಟ್ ಹೇಳಿದ್ದಾತು. ನೀ ಏನ ಹೇಳ್ತೀಯವಾ, ತಂಗಿ?"

ಅಷ್ಟೇ... ಲೀಲಾಳ ಬಾಯಿ ಬಂದ್.

"ಅಷ್ಟ ದೊಡ್ಡ ದೊಡ್ಡ ಜಡ್ಜ್ ಹೇಳಿದ ಮ್ಯಾಲೆ ನಂದೇನೈತಿ ಹೇಳೂದು?" ಎಂದು ರೂಮಿಗೆ ಬಂದು ಅಳುತ್ತಿದ್ದಳು. ಆಮೇಲೆ ಸರ್ ಫೋನ್ ಮಾಡಿದರೂ ಎತ್ತುವುದನ್ನೇ ಬಿಟ್ಟಳು.

ಸಲ್ಲಿಸಲು ಉಳಿದದ್ದು ಒಂದು ವಾರ. ಸರ್ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವಂತಿಲ್ಲ. ಸಲ್ಲಿಸದಿದ್ದರೆ ಒಂದು ವರ್ಷ ಹಾಳು.

ಇದರ ಮಧ್ಯೆ ರೂಮ್‌ಮೇಟ್ ನಸ್ರೀನ್‌ಳ ಕಾಟ ಬೇರೆ. ವಾರ್ಡನ್‌ನಿಂದ ಹಿಡಿದು ಹಾಸ್ಟೆಲ್‌ನ ನೀರಿನ ಮೋಟಾರಿನವರೆಗೆ ಯಾರ ದನಿ ಬೇಕಾದರೂ ಅವಳ ಗಂಟಲಲ್ಲಿತ್ತು.

ಯಾರದೋ ಫೋನ್ ಇಸಿದುಕೊಂಡು ಪಕ್ಕದ ರೂಮಿನಿಂದ ಕಾಲ್ ಮಾಡುತ್ತಿದ್ದಳು. "ಹಲೋ... ನಾ ಮುಳಗುಂದ ಮಾತಾಡಾಕತ್ತೇನಿ..."

ಲೀಲಾ ದಡಕ್ಕನೆ ಎದ್ದು ನಿಂತು, ದುಪಟ್ಟಾ ಸರಿಮಾಡಿಕೊಂಡು, ಗೋಡೆಗೆ ನಮಸ್ಕಾರ ಮಾಡುತ್ತಿದ್ದಳು. ಗೋಡೆಯಾಚೆ ಕಿಸಿಕಿಸಿ ನಗು!

ಒಂದು ಭಾನುವಾರ ಬೆಳಿಗ್ಗೆ ಮತ್ತೆ ಫೋನ್. ಗೊತ್ತಿಲ್ಲದ ನಂಬರ್.

"ಹಲೋ... ನಾ ಮುಳಗುಂದ."

"ಸಾಕ ಮಾಡಲೇ!" ಎಂದಳು ಲೀಲಾ. "ಮೊದಲ ಕೆಮ್ಮೂದು ಕಲಿ. ಸರ್ ಎರಡ ಸಲ ಕೆಮ್ಮತಾರ."

ಆ ಕಡೆಯಿಂದ ಎರಡು ಕೆಮ್ಮು.

"ಹಾಂ! ಈಗ ಬಂತು ನೋಡು."

"ಅದಿರಲಿ... ನಾಕನೇ ಅಧ್ಯಾಯದಾಗ ನೀ ಏನ ಹೇಳ್ತಿ?"

ಇಷ್ಟು ದಿನ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಂತು.

"ಏನ ಹೇಳ್ತೀನಿ? ಕೇಳು! ನಮ್ಮೂರ ಬಸ್‌ಸ್ಟ್ಯಾಂಡ್ ಮುಂದ ಮಿರ್ಚಿ ಭಜಿ ಕರೀತಿದ್ದ ಕಲ್ಲವ್ವನ್ನ ಎಬ್ಬಿಸಿ ಎಲ್ಲಿ ಕುಂದರ್ಸಿದ್ರು? ಊರ ಹೊರಗ, ನಾಯಿನೂ ಹಾಯದ ಕಡೆ. 'ಜಾಗಾ ಕೊಟ್ಟೀವಿ' ಅಂತಾರ. ಗಿರಾಕಿನ ಬರದ ಜಾಗಾ ಒಂದ ಜಾಗಾ ಏನ? ಕರಿದಿದ್ದೆಲ್ಲಾ ಆಕಿನ ತಿನಬೇಕೇನ? ಎಬ್ಬಿಸೂ ಮೊದಲ ಆಕಿನ್ನ ಒಂದ ಮಾತು ಕೇಳ್ಬೇಕು. ಹೊಸಾ ಜಾಗಾದಾಗ ಆಕಿ ಹೊಟ್ಟಿ ತುಂಬಬೇಕು. ಇಲ್ಲಂದ್ರ ಅದು ಹಕ್ಕಲ್ಲ, ಬರೇ ಗಡಿಪಾರು!"

ಆ ಕಡೆ ಮತ್ತೆ ಎರಡು ಕೆಮ್ಮು.

"ಇದನ್ನ... ನನ್ನ ಮುಂದ ಯಾಕ ಹೇಳಲಿಲ್ಲವಾ, ತಂಗಿ?"

"ಅವರ ಮುಂದ ಹೇಳಾಕ ಬಂದಿದ್ರ ನಿನ್ನ ಮುಂದ ಯಾಕ ಒದರ್ತಿದ್ನಿ, ಮಂಗ್ಯಾ!"

ಆಗಲೇ ಬಾತ್‌ರೂಮ್ ಬಾಗಿಲು ತೆರೆಯಿತು. ತಲೆಗೆ ಟವೆಲ್ ಸುತ್ತಿಕೊಂಡು ನಸ್ರೀನ್ ಹೊರಗೆ ಬಂದಳು. ಬಾಯಲ್ಲಿ ಬ್ರಷ್ ಇತ್ತು... ಕೈಯಲ್ಲಿ ಫೋನ್ ಇರಲಿಲ್ಲ.

ಮರುದಿನ ಸರ್ ಚೇಂಬರ್‌ನಲ್ಲಿ ಲೀಲಾ ತಲೆ ಬಗ್ಗಿಸಿ ನಿಂತಿದ್ದಳು. ಕಣ್ಣಲ್ಲಿ ಧಾರಾಕಾರ ನೀರು.

"ಸರ್... ಅದು... ಮಂಗ್ಯಾ ಅಂದಿದ್ದು..."

ಸರ್ ಎರಡು ಸಲ ಕೆಮ್ಮಿದರು. "ಈಗ ಕೆಮ್ಮು ಬರೋಬ್ಬರಿ ಬಂತಿಲ್ಲೋ?"

ಲೀಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ನನ್ನ ನಂಬರ್ ನೋಡಿದ್ರ ನೀ ಎತ್ತಂಗಿಲ್ಲ. ಅದಕ್ಕ ಮನಿಯವರ ಫೋನಿಂದ ಮಾಡಿದೆ" ಎಂದ ಸರ್ ದನಿ ಮೆತ್ತಗಾಯಿತು. "ಜಡ್ಜ್ ಮಾತು ನನಗ ಪುಸ್ತಕದಾಗ ಸಿಗತಾವು, ತಂಗಿ. ಕಲ್ಲವ್ವನ ಮಾತು ನಿನ್ನ ಕಡೆನ ಸಿಗಬೇಕು. ನಿನ್ನೆ ಒದರಿದ್ದನ್ನ ಹಂಗ ಬರಿ. ಮಂಗ್ಯಾ ಅನ್ನೂದೊಂದು ಬಿಡು."

ಬರೆದಳು. ಸರ್ ಸಹಿ ಹಾಕಿದರು. ಪ್ರಬಂಧ ಸಲ್ಲಿಕೆಯಾಯಿತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನಾಲ್ಕನೇ ಅಧ್ಯಾಯದ ಒಂದು ಪುಟ ತೆರೆದು, ಕನ್ನಡಕದ ಮೇಲಿಂದ ನೋಡಿದರು. "ಈ ಮಾತು ಯಾವ ತೀರ್ಪಿನಲ್ಲಿದೆಯಮ್ಮಾ?"

"ಯಾವ ತೀರ್ಪಿನಲ್ಲೂ ಇಲ್ಲ ಸರ್..." ಲೀಲಾ ಪರೀಕ್ಷಕರನ್ನೇ ನೇರವಾಗಿ ನೋಡಿದಳು. "ಇದು ನಾನು ಹೇಳ್ತಿರೋದು."

ಪರೀಕ್ಷಕರು ನಕ್ಕು ಆ ಪುಟದ ಅಂಚಿಗೆ ಟಿಕ್ ಹಾಕಿದರು.

ಹೊರಗೆ ಲೀಲಾ ಎಲ್ಲರಿಗೂ ಬಿಸಿ ಮಿರ್ಚಿ ಹಂಚುವಾಗ ಮುಳಗುಂದ ಸರ್ ಫೋನ್ ರಿಂಗಾಯಿತು. ಸ್ಪೀಕರ್ ಹಾಕಿದರು.

ಎರಡು ಕೆಮ್ಮು. "ಹಲೋ... ನಾ ಮುಳಗುಂದ ಮಾತಾಡಾಕತ್ತೇನಿ."

ಸರ್ ಫೋನನ್ನೊಮ್ಮೆ ನೋಡಿದರು, ತಮ್ಮನ್ನೊಮ್ಮೆ ನೋಡಿಕೊಂಡರು. "ಹಂಗಾರ... ನಾ ಯಾರು?"

ಕಂಬದ ಹಿಂದೆ ಫೋನ್ ಹಿಡಿದು ನಿಂತಿದ್ದ ನಸ್ರೀನ್ ಸಿಕ್ಕಿಬಿದ್ದಳು. ಇಡೀ ಕಾರಿಡಾರ್ ನಕ್ಕಿತು.

ಎಲ್ಲರಿಗಿಂತ ಜೋರಾಗಿ ನಕ್ಕವರು ಮುಳಗುಂದ ಸರ್. ನಗುತ್ತ ನಗುತ್ತ ಕೆಮ್ಮು ಬಂತು... ಈ ಸಲ ಎರಡಕ್ಕೆ ನಿಲ್ಲಲಿಲ್ಲ.

*ಬೇರೆಯವರ ಮಾತನ್ನು ಎಷ್ಟು ಬೇಕಾದರೂ ಬಳಸಿ... ಕೊನೆಯ ಮಾತು ಮಾತ್ರ ನಿಮ್ಮದೇ ಆಗಿರಲಿ.*

ಗೆಳೆಯರ ಮುಂದೆ ಧೈರ್ಯವಾಗಿ ಹೇಳಿ, ಹೇಳಬೇಕಾದವರ ಮುಂದೆ ಮಾತ್ರ ನುಂಗಿಕೊಂಡ ನಿಮ್ಮ ಮಾತು ಯಾವುದು?